ಎಚ್‌ಟಿಯಾ, ಎಲ್‌ಟಿಯಾ? ಆರ್‌ಡಿ ಕೊಳ್ಳುವವರ ಮುಗಿಯದ ಜಗಳ

ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಕೇರಳದ ಗಡಿಯ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಯಾರಾದರೊಬ್ಬರಿಗೆ ಆರ್‌ಡಿ ಜ್ವರ ಹಿಡಿಯುತ್ತದೆ. ಈ ಸಲ ಹಿಡಿದದ್ದು ನನ್ನ ಭಾವನಿಗೆ. ವಯಸ್ಸು ಐವತ್ತು ದಾಟಿದೆ. ಸೊಂಟ ನೋವಿದೆ. ಮನೆಯಲ್ಲಿ ಕಾರು ಇದೆ. ಆದರೂ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತರೆ ಒಂದೇ ಪ್ರಶ್ನೆ: "ಅಲ್ಲ ಮಾರಾಯ, ಎಚ್‌ಟಿಯೇ ಹುಡುಕುವುದಾ, ಎಲ್‌ಟಿ ಸಾಕಾ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆರ್‌ಡಿ ಎಂದರೆ ರಾಜ್‌ದೂತ್ 350. ಹೊರದೇಶದವರು ಹಳೆಯ ಸ್ಪೋರ್ಟ್ಸ್ ಕಾರು ತೆಗೆಯುವಾಗ ಯಾವ ವರ್ಷದ್ದು, ಯಾವ ಸೀರೀಸಿನದು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರಲ್ಲ, ನಮ್ಮಲ್ಲಿ ಆ ಜಾಗದಲ್ಲಿ ಇರುವುದು ಈ ಬೈಕು. 1983ರಲ್ಲಿ ಇಲ್ಲಿ ಸ್ಪೋರ್ಟ್ಸ್ ಕಾರು ಎಲ್ಲಿತ್ತು? ಅಂಬಾಸಿಡರ್ ಇತ್ತು, ಪದ್ಮಿನಿ ಇತ್ತು. ವರ್ಷದ ಕೊನೆಗೆ ಮಾರುತಿ 800 ಬಂತು. ಅವೆಲ್ಲವನ್ನೂ ಹಿಂದೆ ಹಾಕುವ ಒಂದು ಗಾಡಿ ಆ ವರ್ಷವೇ ರಸ್ತೆಗೆ ಇಳಿದಿತ್ತು. ಅದಕ್ಕೆ ಎರಡೇ ಚಕ್ರ.

ಈ ಬೈಕಿಗೆ ಎರಡು ರೂಪ. ಮೊದಲು ಬಂದದ್ದು ಎಚ್‌ಟಿ, ಅಂದರೆ ಹೈ ಟಾರ್ಕ್. ಟಾರ್ಕ್ ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಆಮೇಲಿನದು ಎಲ್‌ಟಿ, ಲೋ ಟಾರ್ಕ್. ಇವತ್ತು ಎಚ್‌ಟಿ ಅಂದರೆ ಚಿನ್ನ, ಎಲ್‌ಟಿ ಅಂದರೆ "ಹೂಂ, ಪರವಾಗಿಲ್ಲ". ಮಾರುವವನು 'ಎಚ್‌ಟಿ' ಅಂತ ಎರಡಕ್ಷರ ಸೇರಿಸಿದರೆ ರೇಟು ಜಿಗಿಯುತ್ತದೆ. ಈ ಮೇಲು ಕೀಳು ಶುರುವಾದದ್ದು ಹೇಗೆ ಅಂತ ತಿಳಿಯದೆ ದುಡ್ಡು ಕೊಡಬೇಡಿ ಎಂದು ನಾನು ಭಾವನಿಗೆ ಹೇಳುತ್ತಾ ಬಂದಿದ್ದೇನೆ. ಅವರು ಕೇಳುವುದಿಲ್ಲ. ನೀವಾದರೂ ಕೇಳಿ.

ಮೂಲ ಬೈಕು ಜಪಾನಿನದು. ಯಮಹಾ ಅದನ್ನು ಆರ್‌ಡಿ 350 ಎಂದು 1973ರಲ್ಲಿ ತಂದಿತು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, 39 ಎಚ್‌ಪಿ ಶಕ್ತಿ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ರೀಡ್ ವಾಲ್ವ್ ಎಂಬ ತೆಳು ಸ್ಟೀಲ್ ಎಲೆಗಳಿದ್ದವು. ಒಳಗೆ ಹೋದ ಪೆಟ್ರೋಲು ವಾಪಸು ಉಗುಳದಂತೆ ತಡೆಯುವ ಬಾಗಿಲು ಅದು. ಯಮಹಾ ಅದನ್ನು 'ಟಾರ್ಕ್ ಇಂಡಕ್ಷನ್' ಎಂದು ಕರೆಯಿತು. ಮೂರು ವರ್ಷದಲ್ಲಿ ಆರ್‌ಡಿ 400 ಬಂತು, 1980ರಲ್ಲಿ ನೀರಿನಿಂದ ತಣಿಯುವ ಎಲ್‌ಸಿ ಬಂತು. ಅಂದರೆ 1983ರಲ್ಲಿ ಫರಿದಾಬಾದಿನ ಎಸ್ಕಾರ್ಟ್ಸ್ ಕಂಪನಿ ನಮಗೆ 'ಹೊಸದು' ಅಂತ ಕೊಟ್ಟದ್ದು ಜಪಾನಿನವರು ಆಗಲೇ ಬಿಟ್ಟುಹೋಗಿದ್ದ ಬೈಕು. ಅದು ನಮಗೆ ಗೊತ್ತೂ ಇರಲಿಲ್ಲ, ಗೊತ್ತಿದ್ದರೂ ಯಾರಿಗೂ ಬೇಕಾಗಿರಲಿಲ್ಲ.

ಯಾಕೆ ಅಂದರೆ ಆಗ ನಮ್ಮ ಹತ್ತಿರ ಇದ್ದದ್ದು ಏನು? ಬುಲೆಟ್ 350, ಅದಕ್ಕೆ 18 ಎಚ್‌ಪಿ. ಮೈಸೂರಿನ ಐಡಿಯಲ್ ಜಾವಾದವರ ಯೆಜ್ಡಿ ರೋಡ್‌ಕಿಂಗ್, 250 ಸಿಸಿಗೆ 16 ಎಚ್‌ಪಿ. ಎಸ್ಕಾರ್ಟ್ಸಿನದೇ ರಾಜ್‌ದೂತ್ 175 ಇತ್ತು. ಪೋಲೆಂಡಿನ ಬೈಕಿನ ಮಾದರಿ ಅದು, ಹಾಲಿನ ಕ್ಯಾನು ಕಟ್ಟಿಕೊಂಡು ಹೋಗಲು ಹೇಳಿ ಮಾಡಿಸಿದ ಹಾಗಿತ್ತು. ಇವುಗಳ ನಡುವೆ 30.5 ಎಚ್‌ಪಿಯ ಬೈಕು ಬಂದು ನಿಂತರೆ ಹೇಗಿರಬೇಡ! ಜಪಾನಿನ 39ರಿಂದ ಎಸ್ಕಾರ್ಟ್ಸ್ ಅದನ್ನು ಅಷ್ಟಕ್ಕೆ ಇಳಿಸಿತ್ತು. ಮುಂದಿನ ಡಿಸ್ಕ್ ತೆಗೆದು ಡ್ರಮ್ ಬ್ರೇಕ್ ಹಾಕಿತ್ತು. ಆ ಡ್ರಮ್ಮಿನ ಕಥೆ ಆರ್‌ಡಿ ಓಡಿಸಿದವರನ್ನೇ ಕೇಳಬೇಕು. ಓಡಲು ಏನೂ ತೊಂದರೆ ಇಲ್ಲ, ನಿಲ್ಲಲು ಮಾತ್ರ ದೇವರು ಬೇಕು. ಆರ್‌ಡಿ ಅಂದರೆ 'ರ್‍ಯಾಪಿಡ್ ಡೆತ್' ಅಂತ ಜನ ತಮಾಷೆ ಮಾಡಿದ್ದು ಸುಮ್ನೆ ಅಲ್ಲ.

ಈ 30.5ರ ಗಾಡಿಯೇ ಎಚ್‌ಟಿ. ಆದರೆ ಆಗ ಅದಕ್ಕೆ ಆ ಹೆಸರೇ ಬೇಕಿರಲಿಲ್ಲ. ಇನ್ನೊಂದು ಬಂದ ಮೇಲೆ ತಾನೇ ಮೊದಲಿನದಕ್ಕೆ ಹೆಸರು ಬೇಕಾಗುವುದು?

ಇನ್ನೊಂದು ಬರಲು ಕಾರಣ ಪೆಟ್ರೋಲು. ಲೀಟರಿಗೆ 20, ಜಾಸ್ತಿ ಅಂದರೆ 25 ಕಿಲೋಮೀಟರ್ ಕೊಡುವ ಬೈಕನ್ನು ಆ ಕಾಲದಲ್ಲಿ ಯಾರು ಸಾಕುತ್ತಾರೆ? ಮೇಲಿಂದ ಟೂ ಸ್ಟ್ರೋಕ್ ಆಯಿಲ್ ಖರ್ಚು ಬೇರೆ. ಬಿಡಿಭಾಗಗಳಲ್ಲಿ ಹೆಚ್ಚಿನವು ಜಪಾನಿನಿಂದ ಬರಬೇಕಿತ್ತು. ಹಾಗಾಗಿ 1985ರ ಸುಮಾರಿಗೆ ಕಂಪನಿ ಎಂಜಿನ್ನನ್ನು ಇನ್ನಷ್ಟು ಸಾಧು ಮಾಡಿತು. ಶಕ್ತಿ 27 ಎಚ್‌ಪಿಗೆ ಇಳಿಯಿತು, ಮೈಲೇಜ್ ಸ್ವಲ್ಪ ಏರಿತು, ಇಲ್ಲಿಯೇ ತಯಾರಾದ ಭಾಗಗಳು ಜಾಸ್ತಿಯಾದವು. ಅದೇ ಎಲ್‌ಟಿ.

ಇಲ್ಲಿ ಸ್ವಲ್ಪ ಎಂಜಿನ್ನಿನ ಒಳಗೆ ಇಣುಕಬೇಕು, ಇಲ್ಲದಿದ್ದರೆ ಮುಂದಿನ ಮೋಸ ಅರ್ಥವಾಗುವುದಿಲ್ಲ. ನಾಲ್ಕು ಸ್ಟ್ರೋಕಿನ ಬೈಕಿನಲ್ಲಿ ಹೊಗೆ ಹೊರಹೋಗಲು ವಾಲ್ವ್ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಅದಿಲ್ಲ. ಪಿಸ್ಟನ್ ಓಡಾಡುವ ಕೊಳವೆಯಾದ ಬ್ಯಾರೆಲ್ಲಿನ ಗೋಡೆಯಲ್ಲಿ ಕಿಟಕಿಗಳಂಥ ತೂತುಗಳಿರುತ್ತವೆ, ಅವೇ ಪೋರ್ಟುಗಳು. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ತಾನೇ ಅವುಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಹೊಗೆಯ ಕಿಟಕಿ ಎತ್ತರದಲ್ಲಿದ್ದರೆ ಬೇಗ ತೆರೆಯುತ್ತದೆ. ವೇಗ ಏರಿದಾಗ ಎಂಜಿನ್ ಸರಾಗವಾಗಿ ಉಸಿರಾಡುತ್ತದೆ, ಬಲ ಬರುತ್ತದೆ. ಆದರೆ ನಿಧಾನ ಹೋಗುವಾಗ ಸುಡದ ಪೆಟ್ರೋಲೂ ಅದೇ ಕಿಟಕಿಯಿಂದ ಹಾರಿಹೋಗುತ್ತದೆ. ಮೈಲೇಜ್ ಬೇಕಾದರೆ ಕಿಟಕಿಯನ್ನು ಹದ ಮಾಡಬೇಕು, ಬಲ ಬಿಟ್ಟುಕೊಡಬೇಕು. ಸೈಲೆನ್ಸರಿನದೂ ಇದರಲ್ಲಿ ಪಾಲಿದೆ. ಹೊರಗೆ ಹೋದ ಹೊಗೆಯ ಅಲೆ ಸೈಲೆನ್ಸರಿನ ಹೊಟ್ಟೆಗೆ ತಾಗಿ ವಾಪಸು ಬಂದು, ಓಡಿಹೋಗುತ್ತಿದ್ದ ಪೆಟ್ರೋಲನ್ನು ಒಳಗೆ ತಳ್ಳುತ್ತದೆ. ಅದಕ್ಕೇ ಟೂ ಸ್ಟ್ರೋಕಿನ ಬ್ಯಾರೆಲ್ಲು, ಸೈಲೆನ್ಸರ್, ಪೆಟ್ರೋಲು ಅಳೆದು ಬಿಡುವ ಕಾರ್ಬುರೇಟರಿನ ಜೆಟ್ಟು ಮೂರೂ ಒಂದೇ ಮನೆಯವರು. ಒಬ್ಬರನ್ನು ಮಾತ್ರ ಬದಲಿಸಿದರೆ ಸಂಸಾರ ಕೆಡುತ್ತದೆ.

ಎಚ್‌ಟಿಗೂ ಎಲ್‌ಟಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಈ ಮನೆಯೊಳಗೆ. ಹೊರಗಿನಿಂದ ಎರಡೂ ಅಣ್ಣ ತಮ್ಮಂದಿರ ಹಾಗೆ.

ಎಲ್‌ಟಿ ಬಂದರೂ ಬೈಕು ಉಳಿಯಲಿಲ್ಲ. ಅಷ್ಟರಲ್ಲಿ 100 ಸಿಸಿಯ ಜಪಾನಿ ಗಾಡಿಗಳು ನುಗ್ಗಿದ್ದವು. 1984ರಲ್ಲಿ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100. ಎಸ್ಕಾರ್ಟ್ಸ್ ತಾನೇ 1985ರ ನವೆಂಬರಿನಲ್ಲಿ ಯಮಹಾ ಆರ್‌ಎಕ್ಸ್ 100 ತಂದಿತು. 98 ಸಿಸಿ, 11 ಎಚ್‌ಪಿ, ಮೈ ಹಗುರ. ಆರ್‌ಡಿಯ ಮಜಾದಲ್ಲಿ ಅರ್ಧ ಸಿಗುತ್ತದೆ, ಪೆಟ್ರೋಲಿನ ಖರ್ಚು ಅರ್ಧಕ್ಕಿಂತ ಕಡಿಮೆ. ಮನೆಯ ಮಗುವೇ ಮನೆಯ ಹಿರಿಯನನ್ನು ಮೂಲೆಗೆ ತಳ್ಳಿದಂತಾಯಿತು. 80ರ ದಶಕ ಮುಗಿಯುವಾಗ ರಾಜ್‌ದೂತ್ 350ರ ಕಾಲವೂ ಮುಗಿದಿತ್ತು.

ಆಮೇಲಿನ ಹತ್ತು ಹದಿನೈದು ವರ್ಷ ಇದು ಯಾರಿಗೂ ಬೇಡದ ಬೈಕು. ನಮ್ಮ ಪಕ್ಕದ ತೋಟದ ಕೊಟ್ಟಿಗೆಯಲ್ಲಿ ಒಂದು ನಿಂತಿತ್ತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಎಚ್‌ಟಿಯಾ ಎಲ್‌ಟಿಯಾ ಅಂತ ಯಾರೂ ಕೇಳಿದ್ದಿಲ್ಲ. ಗುಜರಿಯವನಿಗೆ ಎರಡರ ತೂಕವೂ ಒಂದೇ.

ಟೂ ಸ್ಟ್ರೋಕ್ ಕಾಲವೇ ಮುಗಿಯುತ್ತಾ ಬಂದಾಗ ಲೆಕ್ಕ ತಿರುಗಿತು. ಹೊಗೆಯ ನಿಯಮ ಬಿಗಿಯಾಗಿ 1996ರಲ್ಲಿ ಆರ್‌ಎಕ್ಸ್ 100 ನಿಂತಿತು. ಅದರ ಬದಲಿಗೆ ಬಂದ ಆರ್‌ಎಕ್ಸ್ 135 ಕೂಡ 2005ರ ಹೊತ್ತಿಗೆ ಹೋಯಿತು. ಇನ್ನು ಸಿಗುವುದಿಲ್ಲ ಎಂದಾದಾಗಲೇ ಜನ ಹುಡುಕಲು ಹೊರಟದ್ದು. ಆಗ 30.5 ದೊಡ್ಡದು, 27 ಸಣ್ಣದು ಅಂತ ಕಾಣತೊಡಗಿತು. ಮೈಲೇಜಿನ ಚಿಂತೆಯಿಂದ ಹುಟ್ಟಿದ ವ್ಯತ್ಯಾಸ ಈಗ ಮರ್ಯಾದೆಯ ಪ್ರಶ್ನೆ ಆಯಿತು. ಎಲ್ಲಿ ಮರ್ಯಾದೆಗೆ ರೇಟು ಇದೆಯೋ ಅಲ್ಲಿ ನಕಲಿಯೂ ಇರುತ್ತದೆ, ಅಲ್ವಾ?

ನಾನೂ ಒಮ್ಮೆ ಮೋಸ ಹೋದವನೇ. ಗಡಿಯಾಚೆಯ ಒಂದು ಪೇಟೆಯಲ್ಲಿ "ಪಕ್ಕಾ ಎಚ್‌ಟಿ" ಅಂತ ಒಂದು ಗಾಡಿ ತೆಗೆದೆ. ಹೊಸ ಪೈಂಟು ಮಿಂಚುತ್ತಿತ್ತು, ಕ್ರೋಮಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅಡ್ಯನಡ್ಕ ದಾಟಿ ಪೆರ್ಲಕ್ಕೆ ಬರುವಷ್ಟರಲ್ಲಿ ಒಂದು ಪಿಸ್ಟನ್ ಬ್ಯಾರೆಲ್ಲಿನೊಳಗೆ ಕಚ್ಚಿ ಹಿಡಿಯಿತು. ಹಿಂದಿನ ಚಕ್ರ ಕಿರ್ ಅಂತ ಎಳೆದದ್ದು ಇನ್ನೂ ಕಿವಿಯಲ್ಲಿದೆ. ಕ್ಲಚ್ ಹಿಡಿದದ್ದಕ್ಕೆ ಬದುಕಿದೆ. ನಮ್ಮ ಮೆಕ್ಯಾನಿಕ್ ಎರಡೂ ಬ್ಯಾರೆಲ್ ಬಿಚ್ಚಿ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟ. ಪೋರ್ಟಿನ ಎತ್ತರ ಅಳೆದ. ಮತ್ತೆ ಅಳೆದ. ಆಮೇಲೆ ನಗಲು ಶುರು ಮಾಡಿದ. ಒಂದು ಬದಿ ಎಚ್‌ಟಿ, ಇನ್ನೊಂದು ಬದಿ ಎಲ್‌ಟಿ! ಎರಡೆತ್ತಿನ ಗಾಡಿಗೆ ಒಂದು ಎತ್ತು, ಒಂದು ಕೋಣ ಕಟ್ಟಿದ ಹಾಗೆ.

ಅಂದಿನಿಂದ ನನ್ನ ಲೆಕ್ಕ ಬೇರೆ. ನಲವತ್ತು ವರ್ಷ ಓಡಿದ ಎಂಜಿನ್ ಎಷ್ಟು ಸಲ ಬೋರ್ ಆಗಿದೆಯೋ, ಅಂದರೆ ಸವೆದ ಬ್ಯಾರೆಲ್ಲನ್ನು ಎಷ್ಟು ಸಲ ಕೊರೆದು ಅಗಲ ಮಾಡಿದ್ದಾರೋ, ಯಾರಿಗೆ ಗೊತ್ತು? ಮೂಲ ಬೋರು 64 ಮಿಲಿಮೀಟರ್. ಪ್ರತಿ ಸಲ ಕಾಲು ಮಿಲಿಮೀಟರಿನಷ್ಟು ದೊಡ್ಡ ಪಿಸ್ಟನ್ ಹಾಕುತ್ತಾ ಹೋಗಿ ಒಂದು ಮಿಲಿಮೀಟರಿಗೆ ಮುಟ್ಟಿದರೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಕೊನೆಯ ಬೋರಿನಲ್ಲಿರುವ ಎಚ್‌ಟಿಗಿಂತ ಸ್ಟ್ಯಾಂಡರ್ಡ್ ಬೋರಿನ ಎಲ್‌ಟಿ ನನಗೆ ಸಾಕು. ಯಾರೋ ಅರ ಹಾಕಿ ಪೋರ್ಟು ಕೊರೆದಿದ್ದರೆ ಆ ಬ್ಯಾರೆಲ್ಲು ಎಚ್‌ಟಿಯೂ ಅಲ್ಲ, ಎಲ್‌ಟಿಯೂ ಅಲ್ಲ.

ಇನ್ನು ಸೀಲುಗಳು. ಪಿಸ್ಟನ್ನಿನ ಕೆಳಗೆ ತಿರುಗುವ ಶಾಫ್ಟು ಕ್ರ್ಯಾಂಕು. ಅದರ ಎರಡು ತುದಿಗೂ ರಬ್ಬರ್ ಸೀಲ್ ಇದೆ. ಬಲಗಡೆಯ ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಎಂಜಿನ್ನಿಗೆ ಹೋಗಿ ಬಿಳಿ ಹೊಗೆ ಬರುತ್ತದೆ. ಅದು ಕಣ್ಣಿಗೆ ಕಾಣುವ ರೋಗ, ಪರವಾಗಿಲ್ಲ. ಎಡಗಡೆಯದು ಹೋದರೆ ಹೊಗೆ ಇಲ್ಲ, ಸದ್ದಿಲ್ಲ. ಸುಮ್ಮನೆ ಗಾಳಿ ಎಳೆದುಕೊಳ್ಳುತ್ತದೆ, ಪೆಟ್ರೋಲು ಆಯಿಲ್ ಸಾಲದೆ ಪಿಸ್ಟನ್ ಬಿಸಿಯಾಗಿ ಒಂದು ದಿನ ಹಿಡಿಯುತ್ತದೆ. ನಿಂತೇ ಇದ್ದ ಗಾಡಿಯಲ್ಲಿ ಈ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. "ಹತ್ತು ವರ್ಷದಿಂದ ಓಡಿಸಿಯೇ ಇಲ್ಲ" ಎಂಬ ಮಾತು ಅದಕ್ಕೇ ನನಗೆ ಹೊಗಳಿಕೆಯಾಗಿ ಕೇಳುವುದಿಲ್ಲ.

ನಮ್ಮ ಊರಿನ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಹತ್ತಿರ ಬೀಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬೇರೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜೂನಿನಲ್ಲಿ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು ಬಿಟ್ಟು ಗಾಡಿಗೆ ಗೋಣಿ ಹೊದಿಸಿದರೆ, ಸೆಪ್ಟೆಂಬರಿನಲ್ಲಿ ಒಳಗೆ ತುಕ್ಕು ಕಾದಿರುತ್ತದೆ. ಆಟೋಲೂಬ್ ಪಂಪು ಇದೆಯಾ ಅಂತಲೂ ನೋಡಿ. ಆಯಿಲನ್ನು ತಾನೇ ಅಳೆದು ಎಂಜಿನ್ನಿಗೆ ಕೊಡುವ ಆ ಪಂಪನ್ನು ಬಹಳ ಜನ ಕಿತ್ತು ಬಿಸಾಡಿ, ಪೆಟ್ರೋಲಿಗೇ ಆಯಿಲ್ ಬೆರೆಸಿಕೊಂಡು ಓಡಿಸಿದ್ದಾರೆ.

ಎಂಜಿನ್ನಿಗಿಂತ ದೊಡ್ಡ ತಲೆನೋವು ಪೇಪರು. ಎಚ್‌ಟಿ ಬಂದಾಗ ಕಾಸರಗೋಡು ಇನ್ನೂ ಜಿಲ್ಲೆಯೇ ಆಗಿರಲಿಲ್ಲ. ಕಣ್ಣೂರಿನಿಂದ ಬೇರೆಯಾದದ್ದು 1984ರ ಮೇ 24ರಂದು. ಕೆಎಲ್ 14 ಎಂಬ ನಂಬರು ಬಂದದ್ದು ಇನ್ನೂ ಐದು ವರ್ಷ ಕಳೆದ ಮೇಲೆ, ಹೊಸ ಮೋಟಾರು ವಾಹನ ಕಾಯ್ದೆಯ ಜೊತೆಗೆ. ಹಾಗಾಗಿ 1984ರ ಎಚ್‌ಟಿ ಅಂತ ತೋರಿಸುವ ಗಾಡಿಗೆ ಕೆಎಲ್ 14 ಇದ್ದರೆ ಹಳೆಯ ನಂಬರ್ ಯಾವುದಿತ್ತು, ಯಾವ ಊರಿನಿಂದ ಬಂತು ಅಂತ ಕೇಳಿ. ಉತ್ತರ ಇದ್ದರೆ ಒಳ್ಳೆಯದು. ತಡವರಿಸಿದರೆ ಚಾ ಕುಡಿದು ವಾಪಸು ಬನ್ನಿ. ಫ್ರೇಮಿನ ನಂಬರನ್ನೂ ಎಂಜಿನ್ನಿನ ನಂಬರನ್ನೂ ಆರ್‌ಸಿಯ ಜೊತೆ ಬೆರಳಿಟ್ಟು ಓದಬೇಕು. ನಾನು ನೋಡಿದ ಆರ್‌ಸಿಗಳಲ್ಲಿ ಎಚ್‌ಟಿ, ಎಲ್‌ಟಿ ಎಂಬ ಮಾತೇ ಇಲ್ಲ. ಸರಕಾರಕ್ಕೆ ಅದು ಬರೀ ರಾಜ್‌ದೂತ್.

ಮಂಗಳೂರಿನ ಕಡೆಯಿಂದ ತರುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಎಂಬ ಪತ್ರ, ಬೇಕು. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ಕೇರಳದ ನಂಬರು ಮಾಡಿಸಲೇಬೇಕು. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. ಅದು ತಪ್ಪಿಹೋದ ಗಾಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಆ ಅಗ್ಗ ಆಮೇಲೆ ಓಡಾಟದಲ್ಲಿ ತೀರುತ್ತದೆ. ಡ್ರಮ್ ತೆಗೆದು ಬೇರೆ ಬೈಕಿನ ಡಿಸ್ಕ್ ಕೂರಿಸಿದ ಗಾಡಿಗಳೂ ಬಹಳ. ಜೀವದ ಮಟ್ಟಿಗೆ ಅದು ಬುದ್ಧಿವಂತಿಕೆ. ಕಾನೂನಿನ ಮಟ್ಟಿಗೆ ತೊಂದರೆ. ಕಂಪನಿ ಕೊಟ್ಟ ರೂಪವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದ್ದು ಕೇರಳದ್ದೇ ಒಂದು ಕೇಸಿನಲ್ಲಿ. ನಮ್ಮ ಕಡೆ ತಪಾಸಣೆ ಮಾಡುವವರಿಗೆ ಅದು ಬಾಯಿಪಾಠ.

ಭಾವ ಇನ್ನೊಂದು ಆಸೆ ಇಟ್ಟುಕೊಂಡಿದ್ದರು, ವಿಂಟೇಜ್ ನಂಬರು ಮಾಡಿಸಿದರೆ ಹೇಗೆ ಅಂತ. 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ಆಗಿರಬೇಕು. ಮೊದಲ ಎಚ್‌ಟಿಗೆ 50 ತುಂಬುವುದು 2033ರಲ್ಲಿ. ಆ ನಂಬರು ಬಂದರೂ ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಷ್ಟಕ್ಕೇ. "ಹಾಗಾದರೆ ಬೇಡ, ನನಗೆ ಹಾಲಿನ ಸೊಸೈಟಿಗೆ ಹೋಗಬೇಕು" ಅಂದರು. ಆರ್‌ಡಿಯಲ್ಲಿ ಹಾಲಿನ ಸೊಸೈಟಿಗೆ!

ಹೋದ ಆದಿತ್ಯವಾರ ಮುಳ್ಳೇರಿಯದ ಆಚೆ ಒಂದು ಎಲ್‌ಟಿ ನೋಡಲು ಹೋಗಿದ್ದರು. ಒಬ್ಬರೇ ಯಜಮಾನರು, ಹಳೆಯ ನಂಬರು, ಪೈಂಟು ಮಾಸಿದೆ ಆದರೆ ಕಂಪನಿಯದೇ, ಆಟೋಲೂಬ್ ಇದೆ, ಆರ್‌ಸಿ ಚಾಲ್ತಿಯಲ್ಲಿದೆ. ಸಂಜೆ ಮನೆಗೆ ಬಂದಾಗ ಅಕ್ಕ ಅಂಗಿಯನ್ನು ಮೂಸಿ ನೋಡಿ, "ಗಾಡಿ ನೋಡಲಿಕ್ಕೆ ಹೋದದ್ದಾ, ಓಡಿಸಲಿಕ್ಕೆ ಹೋದದ್ದಾ?" ಎಂದು ಕೇಳಿದಳು. ಭಾವ ನನ್ನ ಮುಖ ನೋಡಿದರು. ಅಡ್ವಾನ್ಸ್ ಕೊಟ್ಟು ಬಂದದ್ದನ್ನು ಇನ್ನೂ ಅವಳಿಗೆ ಹೇಳಿಲ್ಲ.