‘ಸುಳ್ಳು ವದಂತಿ’ ಎಂದರೆ ಪುನರುಕ್ತಿಯೇ?

ಪ್ರಶ್ನೆ: ‘ಸುಳ್ಳು ವದಂತಿ ಹಬ್ಬಿಸಬೇಡಿ’ ಎಂಬ ಮಾತು ಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತದೆ. ವದಂತಿ ಎಂದರೇ ಸುಳ್ಳು ಸುದ್ದಿಯಲ್ಲವೇ? ಹಾಗಿದ್ದ ಮೇಲೆ ‘ಸುಳ್ಳು’ ಎಂಬ ವಿಶೇಷಣವೇಕೆ?

ಉತ್ತರ: ವದಂತಿ ಎಂದರೆ ಸುಳ್ಳು ಎಂದಲ್ಲ, ಮೊದಲು ಹೇಳಿದವರು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಹಬ್ಬಿದ, ಇನ್ನೂ ಖಚಿತವಾಗದ ಸುದ್ದಿ ಎಂದಷ್ಟೇ ಅದರ ಅರ್ಥ. ಸಂಸ್ಕೃತದಲ್ಲಿ ‘ವದಂತಿ’ ಎಂಬುದು ‘ಹೇಳುತ್ತಾರೆ’ ಎಂಬರ್ಥದ ಬಹುವಚನ ಕ್ರಿಯಾರೂಪ. ‘ಕಿಂವದಂತಿ’ ಎಂಬ ಪದವೂ ಅದರಿಂದಲೇ ಬಂದದ್ದು. ಹೇಳುವವರು ಯಾರೆಂಬುದಾಗಲಿ, ಹೇಳಿದ್ದು ದಿಟವೇ ಎಂಬ ತೀರ್ಪಾಗಲಿ ಈ ಪದಗಳೊಳಗಿಲ್ಲ. ಆದ್ದರಿಂದಲೇ ‘ಸಚಿವರ ರಾಜೀನಾಮೆಯ ವದಂತಿ ಕೊನೆಗೂ ನಿಜವಾಯಿತು’ ಎಂದು ಬರೆದರೆ ಯಾರಿಗೂ ಅಸಂಗತವೆನಿಸುವುದಿಲ್ಲ. ಅದೇ ಜಾಗದಲ್ಲಿ ‘ಸುಳ್ಳು ಸುದ್ದಿ’ ಎಂದಿಟ್ಟರೆ ವಾಕ್ಯ ನಿಲ್ಲುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮೂ ಸುಳ್ಳು ಮಾಹಿತಿಯನ್ನು ಮತ್ತು ವದಂತಿಯನ್ನು ಬೇರೆ ಬೇರೆಯಾಗಿಯೇ ಹೆಸರಿಸುತ್ತದೆ.

ಕೇಳಿದ ಮಾತನ್ನು ಕೇಳಿದ್ದೆಂದು ತಿಳಿಸಲು ಕನ್ನಡಕ್ಕೆ ತನ್ನದೇ ಸಾಧನವಿದೆ. ‘ಅವನು ಬಂದ’ ಎಂದವನು ಆ ಮಾತಿಗೆ ತಾನೇ ಹೊಣೆ. ‘ಅವನು ಬಂದನಂತೆ’ ಎಂದವನು ಹೊಣೆಯನ್ನು ತನಗೆ ಹೇಳಿದವರಿಗೆ ಬಿಡುತ್ತಾನೆ. (‘ಹೇಳಿದಂತೆ ಮಾಡಿದ’ ಎನ್ನುವಲ್ಲಿರುವ ‘ಅಂತೆ’ ಬೇರೆ, ಅದು ರೀತಿಯನ್ನು ಸೂಚಿಸುವಂಥದು.) ಈ ‘ಅಂತೆ’ಯಲ್ಲಿ ಅನುಮಾನ ಇರಲೇಬೇಕೆಂದಿಲ್ಲ. ‘ಅಮ್ಮ ನಾಳೆ ಬರುತ್ತಾಳಂತೆ’ ಎಂದು ತಂಗಿಗೆ ಹೇಳುವ ಅಣ್ಣನಿಗೆ ಅಮ್ಮನ ಮಾತಿನಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅದಕ್ಕೆ ‘ಕಂತೆ’ ಜೊತೆಗೂಡಿ ‘ಅಂತೆಕಂತೆ’ ಆಯಿತೆಂದರೆ ಧಾಟಿಯೇ ಬದಲಾಗುತ್ತದೆ: ಕೇಳಿದ ಮಾತು ಎಂಬುದರ ಜೊತೆಗೆ, ಕಿವಿಗೊಡಲು ಯೋಗ್ಯವಲ್ಲ ಎಂಬ ತಾತ್ಸಾರವೂ ಸೇರಿಕೊಳ್ಳುತ್ತದೆ. ತಟಸ್ಥವಾಗಿ ಬರೆಯಬೇಕಾದ ವರದಿಗೆ ಈ ಪದ ಒಗ್ಗದು.

ಊಹಾಪೋಹವನ್ನೂ ವದಂತಿಯ ಜಾಗದಲ್ಲಿ ಬಳಸುವವರಿದ್ದಾರೆ. ಅದು ಇನ್ನೊಬ್ಬರಿಂದ ಕೇಳಿದ್ದಲ್ಲ, ತಾನೇ ತರ್ಕಿಸಿ ಕಟ್ಟಿಕೊಂಡದ್ದು. ಚಾಡಿಯಂತೂ ಒಬ್ಬರ ಮೇಲೆ ಇನ್ನೊಬ್ಬರ ಕಿವಿಯಲ್ಲಿ ಬೇಕೆಂದೇ ಹೇಳುವಂಥದು.

ಹಾಗಾಗಿ ಪರಿಶೀಲನೆಗೆ ಮುನ್ನ ಬರಿಯ ‘ವದಂತಿ’ ಎನ್ನುವುದು ಸರಿ. ಸುಳ್ಳೆಂದು ಖಚಿತವಾದ ಮೇಲೆ ‘ಸುಳ್ಳು ವದಂತಿ’ ಎಂದರೆ ಪುನರುಕ್ತಿಯಾಗದು. ನಿಜವಾಗಿ ತಿದ್ದಬೇಕಾದದ್ದು ‘ಖಚಿತ ಮೂಲಗಳಿಂದ ತಿಳಿದುಬಂದ ವದಂತಿ’ ಎಂಬಂಥ ಪ್ರಯೋಗವನ್ನು.