ಪದ ಪರಿಚಯ: ಹೈಡ್ರಾಲಿಕ್ ಹೋಸ್

ಟ್ರಾಕ್ಟರ್ ಇರುವ ಮನೆಯಲ್ಲಿ ಇದರ ಹೆಸರು ಹೋಸ್ ಪೈಪು, ಇಲ್ಲವೇ ಜಾಕ್ ಪೈಪು. ಟ್ರೇಲರ್ ಎತ್ತುವ ಜಾಕಿಗೆ, ಮಗುಚುವ ನೇಗಿಲಿಗೆ, ಪವರ್ ಸ್ಟೀರಿಂಗಿಗೆ ಎಣ್ಣೆ ಸಾಗಿಸುವ ಕಪ್ಪು ರಬ್ಬರ್ ಕೊಳವೆ ಇದು. ಉಪಕರಣ ಎತ್ತುವ ಹಿಂದಿನ ಲಿಫ್ಟಿಗೆ ಹೋಗುವ ಎಣ್ಣೆಯ ದಾರಿ ಸಾಮಾನ್ಯವಾಗಿ ಟ್ರಾಕ್ಟರಿನ ಹೊಟ್ಟೆಯೊಳಗೇ ಇರುತ್ತದೆ. ಬಿಸಿಲು, ಕಲ್ಲು, ಉಜ್ಜಾಟ ಎಲ್ಲ ಹೊರಗೆ ನೇತಾಡುವ ಹೋಸಿನ ಪಾಲಿಗೆ.

ಹೈಡ್ರಾಲಿಕ್ ಅನ್ನುವ ಪದದಲ್ಲಿ ಗ್ರೀಕ್ ಭಾಷೆಯ ನೀರು ಮತ್ತು ಕೊಳವೆ ಎರಡೂ ಇವೆ. ಹೆಸರಲ್ಲಿ ನೀರು, ಒಳಗೆ ಎಣ್ಣೆ! ಹೋಸ್ ಇನ್ನೂ ತಮಾಷೆ. ಹಳೆಯ ಇಂಗ್ಲಿಷಿನಲ್ಲಿ ಹಾಗೆಂದರೆ ಕಾಲಿಗೆ ತೊಡುವ ಉಡುಪು. ಬನಿಯನ್, ಕಾಲುಚೀಲ ಮಾರುವ ಹೋಸಿಯರಿ ಅಂಗಡಿಯ ಹೆಸರೂ ಅಲ್ಲಿಂದಲೇ ಬಂದದ್ದು. ಹೋಸನ್ನು ಸೀಳಿ ನೋಡಿದರೆ ಒಳಗೆ ನಿಜಕ್ಕೂ ಒಂದು ಕಾಲುಚೀಲ ಸಿಗುತ್ತದೆ. ಉಕ್ಕಿನ ತಂತಿಯಲ್ಲಿ ಹೆಣೆದದ್ದು. ಎಣ್ಣೆ ಸೋರದಂತೆ ತಡೆಯುವುದು ಒಳಗಿನ ರಬ್ಬರ್. ಒತ್ತಡ ತಡೆಯುವುದು ಈ ತಂತಿ. ಹೊರಗಿನ ರಬ್ಬರ್ ತಂತಿಗೆ ತೊಡಿಸಿದ ರೇನ್‌ಕೋಟ್, ಅಷ್ಟೇ.

ಒತ್ತಡ ಎಷ್ಟು? ಒತ್ತಡ ಅಳೆಯುವ ಮಾನ ಬಾರ್. ಕಾರಿನ ಟೈರಿನಲ್ಲಿ ಎರಡು ಬಾರ್ ಚಿಲ್ಲರೆ ಗಾಳಿ ಇರುತ್ತದೆ. ಟ್ರಾಕ್ಟರಿನ ಹೈಡ್ರಾಲಿಕ್‌ನಲ್ಲಿ 150ರಿಂದ 200 ಬಾರ್ ಮಾಮೂಲು. ಎಂಟು ಸೆಂಟಿಮೀಟರ್ ಅಗಲದ ಜಾಕಿಗೆ 150 ಬಾರ್ ಕೊಟ್ಟರೆ ಏಳೂವರೆ ಟನ್ನಿಗೂ ಜಾಸ್ತಿ ಬಲ ಬರುತ್ತದೆ. ಅಷ್ಟೇ ಒತ್ತಡವನ್ನು ಬೆರಳು ದಪ್ಪದ ಹೋಸೂ ತಡೆಯಬೇಕು.

ಇದನ್ನು ಮರೆತು ನಾನೇ ಒಮ್ಮೆ ಬೆಪ್ಪಾಗಿದ್ದೇನೆ. ನಮ್ಮ ಟ್ರೇಲರ್ ಹೋಸ್ ಬಾಗುವ ಜಾಗದಲ್ಲಿ ಸ್ವಲ್ಪ ಬೆವರುತ್ತಿತ್ತು. ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿದೆ. ಒಂದು ದಿನ ನಡೆಯಿತು. ಮರುದಿನ ಗೊಬ್ಬರದ ಲೋಡ್ ಅರ್ಧ ಎತ್ತಿದ್ದಾಗ ಫಟ್ ಅಂತ ಸದ್ದು. ಎಣ್ಣೆಯೆಲ್ಲ ನೆಲದ ಪಾಲು, ಟ್ರೇಲರ್ ಕೆಳಗೆ. ಹೋಸ್ ಮಾಡಿಕೊಡುವ ಅಂಗಡಿಯ ಹುಡುಗ ಹಳೆಯದನ್ನು ಅದೇ ಬಾಗಿನಲ್ಲಿ ಕತ್ತರಿಸಿ ತೋರಿಸಿದ. ಮೇಲಿನ ಪದರದ ತಂತಿ ಕಾಫಿಪುಡಿಯ ಹಾಗೆ ಉದುರಿತು. ರಬ್ಬರ್ ಬಿರುಕಿನಿಂದ ನೀರು ಇಳಿದು ತುಕ್ಕು ಹಿಡಿದಿತ್ತು. ಟ್ಯೂಬ್ ಸುತ್ತಿದ್ದು ಬಿರುಕನ್ನು ಮುಚ್ಚಿತೇ ಹೊರತು ತಂತಿಗೆ ಏನೂ ಮಾಡಲಿಲ್ಲ.

ಹೋಸಿನ ಮೈಮೇಲೆ ಉದ್ದಕ್ಕೆ ಒಂದು ಸಾಲು ಅಚ್ಚಾಗಿರುತ್ತದೆ. ಅದೇ ಅದರ ಜಾತಕ. ಉದಾಹರಣೆಗೆ ‘2ಎಸ್‌ಎನ್, 3/8, 330 ಬಾರ್’. ಅಂದರೆ ಎರಡು ಪದರ ತಂತಿ, ಒಳಗಿನ ತೂತು ಇಂಚಿನ ಎಂಟರಲ್ಲಿ ಮೂರು ಭಾಗ, ಕೆಲಸದ ಒತ್ತಡ 330 ಬಾರ್. ಕೆಲವರು ಈ ತೂತಿನ ಅಳತೆಯನ್ನೇ ಆರು ನಂಬರ್ ಅನ್ನುತ್ತಾರೆ, ಇಂಚಿನ ಹದಿನಾರನೇ ಭಾಗದ ಲೆಕ್ಕದಲ್ಲಿ. ತಯಾರಾದ ವರ್ಷವೂ ಅಲ್ಲೇ ಇರುತ್ತದೆ. ‘ಹೊಸದು’ ಅಂತ ಕೊಟ್ಟ ಹೋಸ್ ಅಂಗಡಿಯಲ್ಲೇ ಎಷ್ಟು ವರ್ಷ ಕೂತಿತ್ತು ಅಂತ ತಿಳಿಯುವುದು ಹೀಗೆ.

ಹೋಸ್ ಬಿಚ್ಚುವ ಮೊದಲು ಟ್ರೇಲರನ್ನು ಪೂರ್ತಿ ಇಳಿಸಿ. ಎತ್ತಿಟ್ಟ ಟ್ರೇಲರ್ ಕೆಳಗೆ ತಲೆ ಹಾಕಿ ನಟ್ಟು ಸಡಿಲಿಸುವವರನ್ನು ನೋಡಿದ್ದೇನೆ. ಅದು ಧೈರ್ಯ ಅಲ್ಲ, ಹುಚ್ಚು. ಇಂಜಿನ್ ನಿಲ್ಲಿಸಿ, ಹೈಡ್ರಾಲಿಕ್ ಲಿವರನ್ನು ಎರಡೂ ಕಡೆ ಒಂದೆರಡು ಸಲ ಆಡಿಸಿ. ಒಳಗೆ ಉಳಿದ ಒತ್ತಡ ಇಳಿಯುತ್ತದೆ. ಹೀಗೆ ಮಾಡದೆ ಕಪ್ಲರ್, ಅಂದರೆ ಟ್ರಾಕ್ಟರಿಗೆ ಸಿಕ್ಕಿಸುವ ಹೋಸಿನ ತುದಿ, ಕಿತ್ತು ಬಿಸಿಲಲ್ಲಿ ಬಿಟ್ಟರೆ ಒಳಗಿನ ಎಣ್ಣೆ ಹಿಗ್ಗುತ್ತದೆ. ಆಮೇಲೆ ಸುತ್ತಿಗೆಯಲ್ಲಿ ಹೊಡೆದರೂ ಕಪ್ಲರ್ ಕೂರುವುದಿಲ್ಲ.

ಸೋರುವ ಜಾಗವನ್ನು ಕೈಯಲ್ಲಿ ಸವರಿ ಹುಡುಕಲೇಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಕಡಿಮೆ. ಆದರೆ ತಡ ಮಾಡಿದರೆ ಬೆರಳು ಹೋಗಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಗೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಬೇಕು. ಹುಡುಕಲು ಒಂದು ರಟ್ಟಿನ ತುಂಡು ಸಾಕು, ಅದನ್ನು ದೂರದಿಂದ ಹಿಡಿದರೆ ಎಣ್ಣೆಯ ಗೆರೆ ಮೂಡುತ್ತದೆ.

ಬಿಚ್ಚುವಾಗ ಸ್ಪ್ಯಾನರ್ ಎರಡು ಬೇಕು. ಒಂದು ತಿರುಗಿಸಲು, ಇನ್ನೊಂದು ಹೋಸಿನ ತುದಿಯನ್ನು ಅಲುಗದಂತೆ ಹಿಡಿಯಲು. ಬಿಚ್ಚಿದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮಣ್ಣು ಒಳಗೆ ಹೋದರೆ ಪಂಪು ಸವೆಯುತ್ತದೆ. ಅಳತೆ ಬರೆದುಕೊಂಡು ಹೋಗುವ ಬದಲು ಹಳೆ ಹೋಸನ್ನೇ ಅಂಗಡಿಗೆ ಒಯ್ಯಿರಿ. ಮರೆಗಳಲ್ಲಿ, ಅಂದರೆ ನಟ್ಟಿನ ಸುರುಳಿ ಗೆರೆಗಳಲ್ಲಿ, ಇಂಚಿನವು, ಮಿಲಿಮೀಟರಿನವು ಅಂತ ಬೇರೆ ಬೇರೆ ಇವೆ, ಕಣ್ಣಿಗೆ ಎಲ್ಲ ಒಂದೇ. ತಪ್ಪು ಮರೆ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಕಚ್ಚುತ್ತದೆ.

ಹೊಸದನ್ನು ಕೂರಿಸುವಾಗ ಆ ಅಚ್ಚಿನ ಸಾಲನ್ನು ನೋಡಿ. ನೇರ ಇದ್ದರೆ ಸರಿ. ಬಳ್ಳಿಯ ಹಾಗೆ ಸುತ್ತಿಕೊಂಡಿದ್ದರೆ ಹೋಸ್ ತಿರುಚಿದೆ ಅಂತ ಅರ್ಥ, ಸಡಿಲಿಸಿ ಮತ್ತೆ ಕೂರಿಸಿ. ಒತ್ತಡ ಬಂದಾಗ ಹೋಸ್ ತುಸು ಗಿಡ್ಡವಾಗಬಹುದು, ಹಾಗಾಗಿ ತಂತಿ ಎಳೆದ ಹಾಗೆ ಬಿಗಿ ಬೇಡ. ಇಂಜಿನ್ ನಿಧಾನಕ್ಕೆ ಓಡಿಸಿ, ಖಾಲಿ ಟ್ರೇಲರನ್ನು ನಾಲ್ಕೈದು ಸಲ ಎತ್ತಿ ಇಳಿಸಿ. ಗಾಳಿ ಹೋಗುವವರೆಗೆ ಜಾಕ್ ಜಗ್ಗಿ ಜಗ್ಗಿ ಏಳುತ್ತದೆ, ಗಾಬರಿ ಬೇಡ. ಆಮೇಲೆ ಇಳಿಸಿಟ್ಟು ಎಣ್ಣೆಯ ಮಟ್ಟ ನೋಡಿ. ಹೊಸ ಹೋಸ್ ಕುಡಿದಷ್ಟು ಕಡಿಮೆಯಾಗಿರುತ್ತದೆ.