ಬೋಲ್ಟ್ ಹಾಕಿಸುವ ಮೊದಲು ಒಂದು ಫೋನ್ ಮಾಡಿ

"ಸಾರ್, ವೆಲ್ಡಿಂಗ್ ಬದಲು ಬೋಲ್ಟ್ ಹಾಕ್ಸಿಬಿಟ್ವಿ. ಅಷ್ಟೇ ಗಟ್ಟಿ ಬರುತ್ತಂತೆ." ಕಟ್ಟಡಗಳ ಲೆಕ್ಕ ಹಾಕಿಕೊಡುವ ನನಗೆ ಕೆಲಸ ಮುಗಿದ ಮೇಲೆ ಈ ಫೋನ್ ಬರುತ್ತದೆ. ಈಚೆಗೆ ನಾನು ಬೈಯುವುದು ಬಿಟ್ಟು ಸಿಟಿಕಾರ್ಪ್ ಕಥೆ ಹೇಳುತ್ತೇನೆ.

ಅದು ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 1977ರಲ್ಲಿ ಎದ್ದ 59 ಮಹಡಿಯ ಆಫೀಸು ಕಟ್ಟಡ. ಒಂದು ಮೂಲೆಯನ್ನು ಚರ್ಚಿಗೆ ಬಿಡಬೇಕಿತ್ತು. ಹಾಗಾಗಿ ಹೊರಗಿನ ದೈತ್ಯ ಕಂಬಗಳನ್ನು ಮೂಲೆಗಳ ಬದಲು ನಾಲ್ಕೂ ಮುಖಗಳ ನಡುಮಧ್ಯಕ್ಕೆ ತಂದರು. ಭಾರವನ್ನು ಆ ಕಂಬಗಳಿಗೆ ಇಳಿಸುವುದು ಓರೆ ಉಕ್ಕಿನ ತೊಲೆಗಳು. ಅವುಗಳ ಜೋಡಣೆಗೆ ಇಂಜಿನಿಯರ್ ವಿಲಿಯಂ ಲೆಮೆಷರ್ ಪೂರ್ತಿ ವೆಲ್ಡಿಂಗ್ ಬರೆದಿದ್ದರು. ಖರ್ಚು ಉಳಿಯುತ್ತದೆಂದು ಉಕ್ಕಿನ ಕಂಟ್ರಾಕ್ಟರು ಬೋಲ್ಟ್ ಕೇಳಿದರು. ಲೆಮೆಷರ್ ಕಚೇರಿಯವರೇ ಒಪ್ಪಿಬಿಟ್ಟರು. ಲೆಮೆಷರ್ ಕಿವಿಗೆ ಅದು ಬಿದ್ದದ್ದು 1978ರಲ್ಲಿ!

ಬೋಲ್ಟೂ ಗಟ್ಟಿಯೇ, ಇಲ್ಲವೆನ್ನುವುದಿಲ್ಲ. ಆದರೆ ಎಷ್ಟು ಬೋಲ್ಟ್, ಯಾವ ಲೆಕ್ಕಕ್ಕೆ? ಒಂದು ಮುಖಕ್ಕೆ ನೇರ ಬೀಸುವ ಗಾಳಿ ತೊಲೆಯನ್ನು 100 ಟನ್ ಎಳೆಯುತ್ತದೆ ಅನ್ನಿ. ಕಟ್ಟಡದ ಸ್ವಂತ ಭಾರ ಅದನ್ನು 75 ಟನ್ ಅದುಮಿರುತ್ತದೆ. ಜೋಡಣೆಗೆ ಉಳಿಯುವ ಎಳೆತ 25. ಬೋಲ್ಟ್ ಎಣಿಸಿದ್ದು ಈ 25ಕ್ಕೆ. ಗಾಳಿ ಮೂಲೆಯ ಕಡೆಯಿಂದ ಬೀಸಿ ಎರಡು ಮುಖಗಳಿಗೂ ಬಡಿದರೆ ಎಳೆತ 140 ಆಗುತ್ತದೆ. ಭಾರ ಹೆಚ್ಚುವುದಿಲ್ಲ, ಅದೇ 75. ಕಳೆದು ನೋಡಿ: 65. ತೊಲೆಗೆ ಶೇ 40 ಹೆಚ್ಚಾದದ್ದು ಬೋಲ್ಟಿಗೆ ಶೇ 160 ಆಯಿತು. ಟನ್ನುಗಳು ನಾನು ಹಾಕಿಕೊಂಡವು, ಶೇಕಡಾವಾರು ಎರಡೂ ಲೆಮೆಷರ್ ಲೆಕ್ಕದವೇ. ಪೂರ್ತಿ ವೆಲ್ಡಿಂಗ್ ಇದ್ದಿದ್ದರೆ ಜೋಡಣೆ ತೊಲೆಯಷ್ಟೇ ಗಟ್ಟಿ ಇರುತ್ತಿತ್ತು, ಈ ಕಳೆಯುವ ಲೆಕ್ಕದ ಗೊಡವೆಯೇ ಬರುತ್ತಿರಲಿಲ್ಲ.

ಆಮೇಲೆ ರಾತ್ರಿ ಪಾಳಿಯಲ್ಲಿ 200ಕ್ಕೂ ಹೆಚ್ಚು ಜೋಡಣೆಗಳ ಮೇಲೆ ಎರಡಂಗುಲ ದಪ್ಪದ ಉಕ್ಕಿನ ಪ್ಲೇಟು ಬೆಸೆದರು. ಆಗ ಅಲ್ಲಿನ ಪತ್ರಿಕೆಗಳಲ್ಲಿ ಮುಷ್ಕರ. ಪೂರ್ತಿ ವಿಷಯ ಜನಕ್ಕೆ ಗೊತ್ತಾಗಿದ್ದು 1995ರಲ್ಲಿ. ಒಳಗೆ ಕೂತು ಕೆಲಸ ಮಾಡುವವರಿಗೆ ಹೇಳದೆ ಇದ್ದದ್ದು ನನಗಂತೂ ಒಪ್ಪಿಗೆಯಿಲ್ಲ. ಬಿರುಗಾಳಿಗೆ ಕಟ್ಟಡ ಬೀಳುವ ಅಪಾಯ ನಿಜಕ್ಕೂ ಅಷ್ಟಿತ್ತೇ ಎಂದು ಕೇಳುವ ಪರಿಣತರೂ ಇದ್ದಾರೆ, ಅದನ್ನೂ ಹೇಳಿಬಿಡಬೇಕು.

"ನಮ್ದು ಬರೀ ಗೋಡೌನು ಸಾರ್, ಶೀಟಿನ ಛಾವಣಿ" ಅಂದರು ಒಬ್ಬ ಮಾಲೀಕರು, ಕಾಫಿ ಮುಂದಿಡುತ್ತಾ. ಒಳ್ಳೆಯ ಮನುಷ್ಯ. ಆದರೆ ಶೀಟಿಗೆ ತೂಕವೆಲ್ಲಿದೆ ಸ್ವಾಮೀ? ಗಾಳಿ ಮೇಲಕ್ಕೆ ಎತ್ತಿದಾಗ ಕಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಬೋಲ್ಟಿನ ಸೈಜು, ಎಣಿಕೆ, ಪ್ಲೇಟಿನ ದಪ್ಪ ಬರೆದು ಮೊದಲೇ ಕಳಿಸಿ. ಎಷ್ಟೋ ಸಲ ನಾನೇ "ಆಗಲಿ" ಅನ್ನುತ್ತೇನೆ.